ಸಾಧನೆಯ ಪಟ್ಟಿಯಲ್ಲಿ ಲೈಬ್ರರಿಗೂ ಜಾಗ ಕೊಡಿ: ಸಂಗೀತ ವಿದ್ಯಾರ್ಥಿಗೆ 16 ಸೂತ್ರಗಳು

ಬಿ.ಮ್ಯೂಸಿಕ್ ಇರಲಿ, ಎಂಪಿಎ ಇರಲಿ, ಪಿಎಚ್‌ಡಿ ಇರಲಿ, ನಿಮ್ಮ ಕ್ಲಾಸಿನಲ್ಲಿ ಒಳ್ಳೆಯ ಕಂಠ ಇರುವವರು ನೀವೊಬ್ಬರೇ ಅಲ್ಲ. ಬೆಳಗಿನ ಜಾವ ಎದ್ದು ಅಕಾರ ಸಾಧನೆ ಮಾಡುವವರೂ ನೀವೊಬ್ಬರೇ ಅಲ್ಲ. ಹಾಗಾದರೆ ವೈವಾದಲ್ಲಿ, ನೆಟ್ ಪರೀಕ್ಷೆಯಲ್ಲಿ, ಲೆಕ್ಚರರ್ ಸಂದರ್ಶನದಲ್ಲಿ ಮುಂದೆ ಹೋಗುವವರು ಯಾರು? ತಾವು ಹಾಡಿದ್ದು ಎಲ್ಲಿಂದ ಬಂತು ಎಂದು ಹೇಳಬಲ್ಲವರು. ಈ ಪಾಠ ಯಾವ ಪುಸ್ತಕದಲ್ಲಿದೆ, ಇದಕ್ಕಿರುವ ಪಾಠಾಂತರ ಯಾವುದು, ಹಳಬರು ಇದನ್ನು ಹೇಗೆ ಹಾಡಿದ್ದಾರೆ ಎಂಬ ಮೂರು ಪ್ರಶ್ನೆಗೂ ತಡವರಿಸದೆ ಉತ್ತರ ಕೊಡುವವರು. ಆ ಉತ್ತರಗಳು ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸಿಗುತ್ತವೆ. ಕೆಲವು ಅಚ್ಚಿನಲ್ಲಿವೆ, ಕೆಲವು ಸ್ಕ್ರೀನಿನಲ್ಲಿವೆ. ಅವನ್ನು ಹೊರತೆಗೆಯುವ ವಿಧಾನ ಕಲಿಯಿರಿ.

1. ‘ಸಂಗೀತ ಗುರುಮುಖೇನ ಬರಬೇಕು, ಪುಸ್ತಕದಿಂದ ಅಲ್ಲ’ ಎನ್ನುವ ನೆಪ ಬಿಡಿ

ಈ ಮಾತಿನ ಮೊದಲರ್ಧ ಪೂರ್ತಿ ನಿಜ. ಎರಡನೆಯರ್ಧವನ್ನು ಸೇರಿಸಿದ್ದು ಸೋಮಾರಿತನ. ಗುರುಮುಖೇನ ಕಲಿತ ದೊಡ್ಡವರೇ ಕೂತು ಬರೆದಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರತಂದರು. ಭಾತಖಂಡೆಯವರು ಊರೂರು ಅಲೆದು, ಉಸ್ತಾದರ ಹತ್ತಿರ ಕೂತು ಸಂಗ್ರಹಿಸಿದ ಬಂದಿಶ್‌ಗಳನ್ನು ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ಕೊಟ್ಟರು. ನಮ್ಮ ಮೈಸೂರು ವಾಸುದೇವಾಚಾರ್ಯರು ತಾವು ಕಂಡ ವಿದ್ವಾಂಸರನ್ನು ‘ನಾ ಕಂಡ ಕಲಾವಿದರು’ ಪುಸ್ತಕದಲ್ಲಿ ಹಿಡಿದಿಟ್ಟರು. ಇವರಲ್ಲಿ ಯಾರೂ ಗುರುವಿಗೆ ಬದಲಿ ಹುಡುಕುತ್ತಿರಲಿಲ್ಲ. ಪಾಠ ಕಳೆದುಹೋಗಬಾರದು ಎಂದು ಬರೆದರು.

ಹೀಗೆ ಮಾಡಿ: ಗುರುಗಳ ಹತ್ತಿರ ಹೊಸ ಕೃತಿ ಹೇಳಿಸಿಕೊಂಡ ದಿನ ಸಂಜೆಯೇ ಅದರ ಪುಟ ತೆರೆಯಿರಿ. ಮುಂದಿನ ಪಾಠಕ್ಕೆ ಒಂದು ಪ್ರಶ್ನೆ ಬರೆದುಕೊಂಡು ಹೋಗಿ. ಒಳ್ಳೆಯ ಪ್ರಶ್ನೆ ತರುವ ಶಿಷ್ಯರಿಗೆ ಗುರುಗಳು ಇನ್ನಷ್ಟು ಬಿಚ್ಚಿ ಹೇಳುತ್ತಾರೆ.

2. ಕೆಲಸ ನೋಡಿ ಫಾರ್ಮ್ಯಾಟ್ ಆರಿಸಿ

‘ನಾನು ಪುಸ್ತಕದವನು’, ‘ನಾನು ಮೊಬೈಲ್‌ನಲ್ಲೇ ಓದುವವಳು’ ಎಂದು ಪಕ್ಷ ಕಟ್ಟಬೇಡಿ. ಹುಡುಕುವುದಕ್ಕೆ ಸ್ಕ್ರೀನ್ ಬಳಸಿ. ಮುನ್ನೂರು ಪುಟದ ಪಿಡಿಎಫ್‌ನಲ್ಲಿ ಒಂದು ರಾಗದ ಹೆಸರು ಕ್ಷಣದಲ್ಲಿ ಸಿಗುತ್ತದೆ. ಅಭ್ಯಾಸಕ್ಕೆ ಕಾಗದ ಬಳಸಿ; ಆವರ್ತನಗಳು ಸಾಲಾಗಿ ಕಣ್ಣ ಮುಂದೆ ಇರುತ್ತವೆ, ಎರಡನೆಯ ಸಂಗತಿಯ ಮಧ್ಯೆ ಪರದೆ ಆರಿಹೋಗುವ ರಗಳೆಯಿಲ್ಲ, ಪೆನ್ಸಿಲಿನಲ್ಲಿ ಉಸಿರಿನ ಜಾಗ ಗುರುತಿಸಬಹುದು. (ಗುರುತು ಜೆರಾಕ್ಸ್ ಪ್ರತಿಯ ಮೇಲೆ ಇರಲಿ, ಲೈಬ್ರರಿ ಪುಸ್ತಕದ ಮೇಲೆ ಬೇಡ.) ಗಮಕ ತಿಳಿಯುವುದಕ್ಕೆ ಧ್ವನಿಮುದ್ರಣ ಕೇಳಿ. ಉಲ್ಲೇಖ ಕೊಡುವುದಕ್ಕೆ ಅಚ್ಚಿನ ಪುಟ ಅಥವಾ ಅದರ ಸ್ಕ್ಯಾನ್ ನೋಡಿ.

ಫೋನಿನಲ್ಲಿ ಸ್ವರಲಿಪಿ ನೋಡಿ ಹಾಡುವುದನ್ನು ನಿಲ್ಲಿಸಿ. ಚಿಕ್ಕ ಪರದೆಯಲ್ಲಿ ತಾಳದ ಅಂಗಗಳು ಒಡೆದು ಮುಂದಿನ ಸಾಲಿಗೆ ಜಾರುತ್ತವೆ, ನಿಮ್ಮ ಲಯವೂ ಅವುಗಳ ಜೊತೆ ಜಾರುತ್ತದೆ. ಟ್ಯಾಬ್ಲೆಟ್ ಇದ್ದರೆ ಸರಿ.

3. ಶೆಲ್ಫ್ ನಂಬರ್ ಬಾಯಿಪಾಠ ಮಾಡಿ

ಡ್ಯೂಯಿ ದಶಮಾಂಶ ಪದ್ಧತಿ ಇರುವ ಲೈಬ್ರರಿಯಲ್ಲಿ ಸಂಗೀತ 780ರಿಂದ ಶುರು. 782 ಗಾಯನ, 786 ಕೀಬೋರ್ಡ್ ಮತ್ತು ತಾಳವಾದ್ಯ, 787 ತಂತಿವಾದ್ಯ, 788 ಗಾಳಿವಾದ್ಯ. ಭಾರತೀಯ ಸಂಗೀತದ ಇತಿಹಾಸಕ್ಕೆ 780.954ರ ಸುತ್ತ ಕಣ್ಣಾಡಿಸಿ. ನಿಮ್ಮ ಲೈಬ್ರರಿ ರಂಗನಾಥನ್ ಅವರ ಕೋಲನ್ ಪದ್ಧತಿ ಹಿಡಿದಿದ್ದರೆ ಸಂಗೀತದ ಗುರುತು ‘ಎನ್‌ಆರ್’.

ಕ್ಯಾಟಲಾಗ್‌ನಲ್ಲಿ ಸಿಕ್ಕ ಪುಸ್ತಕದ ಎಡಕ್ಕೆ ಐದು, ಬಲಕ್ಕೆ ಐದು ಪುಸ್ತಕ ತೆಗೆದು ನೋಡಿ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡಲು ಆಗುವುದಿಲ್ಲ. ಅದು ಸಿಗುವುದು ಶೆಲ್ಫಿನ ಮುಂದೆ ನಿಂತವರಿಗೆ.

4. ಒಂದೇ ಹೆಸರಿನಲ್ಲಿ ಹುಡುಕಬೇಡಿ

‘ನಮ್ಮ ಲೈಬ್ರರಿಯಲ್ಲಿ ಇಲ್ಲ’ ಎಂದು ಕೈಚೆಲ್ಲುವ ಮೊದಲು ಸ್ಪೆಲಿಂಗ್ ಬದಲಿಸಿ. ಇಂಗ್ಲಿಷಿನಲ್ಲಿ ತ್ಯಾಗರಾಜರ ಹೆಸರು ಒಂದು ಕಡೆ ‘ಟಿ-ವೈ’ಯಿಂದ, ಇನ್ನೊಂದು ಕಡೆ ‘ಟಿ-ಎಚ್-ವೈ’ಯಿಂದ ಶುರುವಾಗುತ್ತದೆ. ದೀಕ್ಷಿತರ ಹೆಸರಿಗಂತೂ ಹತ್ತಾರು ರೂಪ.

ರಾಗದ ಹೆಸರಿನಲ್ಲೂ ಇದೇ ಸಮಸ್ಯೆ. ಅಸಂಪೂರ್ಣ ಮೇಳ ಪದ್ಧತಿ ಹಿಡಿದ ಪುಸ್ತಕದಲ್ಲಿ 22ನೇ ಮೇಳ ‘ಶ್ರೀರಾಗ’; ನಿಮಗೆ ಗೊತ್ತಿರುವ ಹೆಸರು ‘ಖರಹರಪ್ರಿಯ’. ಅಲ್ಲಿ 28 ‘ಹರಿಕೇದಾರಗೌಳ’, ಇಲ್ಲಿ ‘ಹರಿಕಾಂಭೋಜಿ’. ಹಿಂದುಸ್ತಾನಿ ಕಡೆಗೆ ಹೋದರೆ ಹಿಂದೋಳಕ್ಕೆ ‘ಮಾಲಕೌಂಸ್’ ಎಂದು, ಮೋಹನಕ್ಕೆ ‘ಭೂಪಾಲಿ’ ಎಂದು ಹುಡುಕಬೇಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮ ಸಿಲೆಬಸ್ಸಿನ ಪ್ರತಿ ರಾಗಕ್ಕೂ ಇಂಥ ಜೋಡಿ ಹೆಸರುಗಳ ಪಟ್ಟಿ ಮಾಡಿ. ಒಂದು ಸಂಜೆಯ ಕೆಲಸ. ಪಿಎಚ್‌ಡಿ ತನಕ ಉಪಯೋಗಕ್ಕೆ ಬರುತ್ತದೆ.

5. ಒಂದು ಕೃತಿ ತೆಗೆದುಕೊಳ್ಳಿ, ನಾಲ್ಕು ಆಕರ ಮುಂದಿಟ್ಟುಕೊಳ್ಳಿ

ಇಡೀ ಪಟ್ಟಿಯಲ್ಲಿ ಒಂದೇ ಒಂದು ಸೂತ್ರ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ.

ಉದಾಹರಣೆಗೆ ಭೈರವಿಯಲ್ಲಿ ದೀಕ್ಷಿತರ ‘ಬಾಲಗೋಪಾಲ’. ಮೊದಲ ಆಕರ ನಿಮ್ಮ ಗುರುಗಳ ಪಾಠ. ಅದು ನಿಮ್ಮ ನೋಟ್‌ಬುಕ್ಕಿನಲ್ಲಿದೆ. ಎರಡನೆಯದು ಸಂಪ್ರದಾಯ ಪ್ರದರ್ಶಿನಿಯಲ್ಲಿರುವ ಪಾಠ. ಮೂರನೆಯದು ಈಚೆಗೆ ಅಚ್ಚಾದ ಯಾವುದಾದರೂ ಕನ್ನಡ ಸ್ವರಲಿಪಿ ಪುಸ್ತಕ. ನಾಲ್ಕನೆಯದು ಧ್ವನಿಮುದ್ರಣ, ಬೇರೆ ಬೇರೆ ಪರಂಪರೆಯ ಕನಿಷ್ಠ ಇಬ್ಬರದು ಇರಲಿ.

ಈಗ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಲಂ ಹಾಕಿ. ಪಲ್ಲವಿ, ಅನುಪಲ್ಲವಿ, ಚರಣ ಎಂದು ಅಡ್ಡ ಸಾಲು ಎಳೆಯಿರಿ. ಭೈರವಿಯಲ್ಲಿ ಚತುಶ್ರುತಿ ಧೈವತವೂ ಬರುತ್ತದೆ, ಶುದ್ಧ ಧೈವತವೂ ಬರುತ್ತದೆ. ಯಾವ ಆಕರದಲ್ಲಿ ಯಾವ ಜಾಗದಲ್ಲಿ ಯಾವ ಧೈವತ ಎಂದು ಗುರುತು ಮಾಡಿ. ಎಷ್ಟು ಸಂಗತಿ ಇವೆ ಎಂದು ಎಣಿಸಿ. ಸಾಹಿತ್ಯದಲ್ಲಿ ಅಕ್ಷರ ವ್ಯತ್ಯಾಸ ಇದ್ದರೆ ಬರೆದುಕೊಳ್ಳಿ. ಪ್ರದರ್ಶಿನಿಯಲ್ಲಿ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ, ಅವುಗಳ ವಿವರಣೆ ಗ್ರಂಥದ ಪೀಠಿಕೆಯ ಭಾಗದಲ್ಲಿದೆ. ಅದನ್ನು ಓದದೆ ಪುಟಕ್ಕೆ ಹಾರಬೇಡಿ.

ಇಷ್ಟು ಮಾಡಿದಾಗ ‘ಯಾವುದು ಸರಿ’ ಎಂಬ ಪ್ರಶ್ನೆ ಏಳುತ್ತದೆ. ಅವಸರದಲ್ಲಿ ತೀರ್ಪು ಕೊಡಬೇಡಿ. 1904ರ ಪುಸ್ತಕದಲ್ಲಿ ಹೀಗಿದೆ ಎಂದ ಮಾತ್ರಕ್ಕೆ ನಿಮ್ಮ ಗುರುಗಳ ಪಾಠ ತಪ್ಪಾಗುವುದಿಲ್ಲ; ನಡುವೆ ನೂರಕ್ಕೂ ಹೆಚ್ಚು ವರ್ಷ ಆ ಕೃತಿ ಕಚೇರಿಗಳಲ್ಲಿ ಬೆಳೆದಿದೆ. ನಿಮ್ಮ ಕೆಲಸ ವ್ಯತ್ಯಾಸವನ್ನು ಗುರುತಿಸಿ, ಗುರುಗಳ ಮುಂದೆ ಇಟ್ಟು, ಅವರ ಮಾತು ಬರೆದುಕೊಳ್ಳುವುದು. ಒಂದು ಸೆಮಿಸ್ಟರಿಗೆ ಇಂಥ ಐದು ಹಾಳೆ ಸಿದ್ಧ ಮಾಡಿ. ಸ್ನಾತಕೋತ್ತರ ಮುಗಿಯುವ ಹೊತ್ತಿಗೆ ಇಪ್ಪತ್ತು ಹಾಳೆ ನಿಮ್ಮ ಕೈಯಲ್ಲಿರುತ್ತವೆ. ಸಂದರ್ಶನಕ್ಕೆ ಆ ಫೈಲ್ ಹಿಡಿದು ಹೋಗಿ.

6. ಚುಕ್ಕಿ ಎಲ್ಲಿದೆ ನೋಡಿ

ಸ್ವರಲಿಪಿ ಓದುವಾಗ ಅತಿ ದೊಡ್ಡ ತಪ್ಪು ಅತಿ ಚಿಕ್ಕ ಗುರುತಿನಲ್ಲಿ ಆಗುತ್ತದೆ. ಭಾತಖಂಡೆ ಪದ್ಧತಿಯಲ್ಲಿ ಸ್ವರದ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ. ಪಲುಸ್ಕರ್ ಪದ್ಧತಿಯಲ್ಲಿ ಅದೇ ಮೇಲಿನ ಚುಕ್ಕಿ ಮಂದ್ರಸ್ಥಾಯಿಯ ಗುರುತು. ತಾರಕ್ಕೆ ಮೇಲೆ ಲಂಬವಾದ ಗೆರೆ. ಪದ್ಧತಿ ಯಾವುದೆಂದು ನೋಡದೆ ಹಾಡಲು ಕೂತರೆ ಎರಡು ಸ್ಥಾಯಿ ಆಚೀಚೆ ಆಗುತ್ತೀರಿ. ಪುಸ್ತಕ ತೆರೆದ ತಕ್ಷಣ ಚಿಹ್ನೆಗಳ ಪುಟ ಹುಡುಕಿ, ಅದನ್ನೂ ಜೆರಾಕ್ಸ್ ಮಾಡಿಸಿ, ಸ್ವರಲಿಪಿಯ ಜೊತೆ ಪಿನ್ ಮಾಡಿ.

ಡಿಜಿಟಲ್ ಆಕರದಲ್ಲಿ ಅಪಾಯ ಇನ್ನೂ ಹೆಚ್ಚು. ಓಸಿಆರ್ ಯಂತ್ರ ಅಕ್ಷರವನ್ನು ಗುರುತಿಸುವಂತೆ ಸ್ಥಾಯಿಯ ಚುಕ್ಕಿಯನ್ನು, ಕಾಲದ ಮೇಲ್ಗೆರೆಯನ್ನು ಗುರುತಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸ್ವರವನ್ನು ಟೈಪ್ ಮಾಡಿ ಕಳಿಸುವಾಗಲೂ ಇವೇ ಮೊದಲು ಬಿದ್ದುಹೋಗುತ್ತವೆ. ಆದ್ದರಿಂದ ಸ್ವರಲಿಪಿಗೆ ಯಾವತ್ತೂ ಪುಟದ ಚಿತ್ರವನ್ನೇ ನೋಡಿ. ಕಾಪಿ-ಪೇಸ್ಟ್ ಪಠ್ಯ ಬೇಡವೇ ಬೇಡ.

7. ತೆಲುಗು ಲಿಪಿ ಕಲಿತುಬಿಡಿ

ಕನ್ನಡ ಓದಬಲ್ಲ ನಿಮಗೆ ಇದು ಸುಲಭದಲ್ಲಿ ಸಿಗುವ ಮುನ್ನಡೆ. ಎರಡೂ ಲಿಪಿ ಒಂದೇ ಮೂಲದಿಂದ ಬಂದವು, ಅರ್ಧಕ್ಕರ್ಧ ಅಕ್ಷರ ನೋಡಿದ ಕೂಡಲೇ ಗುರುತು ಸಿಗುತ್ತವೆ. ಸಂಪ್ರದಾಯ ಪ್ರದರ್ಶಿನಿ ಮೊದಲು ಅಚ್ಚಾದದ್ದು ತೆಲುಗು ಲಿಪಿಯಲ್ಲಿ. ತ್ಯಾಗರಾಜರ ಸಾಹಿತ್ಯ ತೆಲುಗು. ಕರ್ನಾಟಕ ಸಂಗೀತದ ಹಳೆಯ ಅಚ್ಚು ಪುಸ್ತಕಗಳಲ್ಲಿ ಬಹಳಷ್ಟು ತೆಲುಗಿನಲ್ಲಿವೆ. ಪ್ರದರ್ಶಿನಿಯ ಇಂಗ್ಲಿಷ್ ರೂಪ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ತಮಿಳಿನಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಪ್ರಕಟಿಸಿದೆ. ಆದರೂ ಮೂಲದ ಪುಟ ಓದಬಲ್ಲವರ ಮಾತಿಗೆ ತೂಕ ಹೆಚ್ಚು. ದಿನಕ್ಕೆ ಕಾಲು ಗಂಟೆಯಂತೆ ಒಂದು ತಿಂಗಳು ಕೊಡಿ. ಹಿಂದುಸ್ತಾನಿ ವಿದ್ಯಾರ್ಥಿಗಳು ಇದೇ ಕಾಲು ಗಂಟೆಯನ್ನು ಮರಾಠಿ ಓದುವುದಕ್ಕೆ ಕೊಡಿ. ಭಾತಖಂಡೆಯವರ ಮುಖ್ಯ ಬರವಣಿಗೆ ಮರಾಠಿಯಲ್ಲಿದೆ.

8. ಹಳೆಯ ರೆಕಾರ್ಡನ್ನು ವಿದ್ಯಾರ್ಥಿಯಂತೆ ಕೇಳಿ

ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್ಬರ್ಗ್ 1902ರಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಮುಂದೆ ಆ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಇವತ್ತು ನಿಮ್ಮ ಇಯರ್‌ಫೋನಿನಲ್ಲಿ ಸಿಗುತ್ತದೆ. ಇಂಥ 78 ಆರ್‌ಪಿಎಂ ರೆಕಾರ್ಡುಗಳನ್ನು ಡಿಜಿಟಲ್ ಮಾಡಿರುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಬೆಂಗಳೂರಿನಲ್ಲಿ ಹುಟ್ಟಿದ ಪ್ರಯತ್ನ. ಇತಿಹಾಸಕಾರ ವಿಕ್ರಮ್ ಸಂಪತ್ ಅದರ ಸ್ಥಾಪಕರು. ಇಂಟರ್ನೆಟ್ ಆರ್ಕೈವ್‌ನಲ್ಲೂ ಹಳೆಯ ಮುದ್ರಣಗಳಿವೆ.

ಕೇಳುವಾಗ ಎರಡು ವಿಷಯ ನೆನಪಿಡಿ. ಒಂದು, ಆ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ‘ಹಳಬರು ರಾಗವನ್ನು ಎರಡು ನಿಮಿಷ ಹಾಡುತ್ತಿದ್ದರು’ ಎಂದು ಅದರಿಂದ ತೀರ್ಮಾನಿಸಬೇಡಿ. ಅವರು ಕಚೇರಿಯಲ್ಲಿ ಹಾಡಿದ್ದು ಬೇರೆ, ಯಂತ್ರಕ್ಕೆ ಹಾಡಿದ್ದು ಬೇರೆ. ಎರಡು, ಆ ಕಾಲದ ರೆಕಾರ್ಡುಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲೇ ಮುದ್ರಣವಾಗಿಲ್ಲ. ಡಿಜಿಟಲ್ ಮಾಡುವಾಗ ವೇಗ ಸ್ವಲ್ಪ ಏರಿದರೂ ಶ್ರುತಿ ಏರುತ್ತದೆ, ಬಿರ್ಕಾಗಳು ಅತಿವೇಗವಾಗಿ ಕೇಳುತ್ತವೆ. ‘ಅವರ ಶ್ರುತಿ ಇಷ್ಟು ಕಟ್ಟೆ’ ಎಂದು ಪ್ರಬಂಧದಲ್ಲಿ ಬರೆಯುವ ಮೊದಲು ಬೇರೆ ರೆಕಾರ್ಡುಗಳ ಜೊತೆ ಹೋಲಿಸಿ.

ಮೊದಲ ರೆಕಾರ್ಡುಗಳ ಪಟ್ಟಿ, ನಂಬರ್ ಬೇಕಾದಾಗ ಮೈಕೆಲ್ ಕಿನಿಯರ್ ಅವರ ಮುದ್ರಿತ ಸೂಚಿಗಳನ್ನು ಲೈಬ್ರರಿಯಲ್ಲಿ ಕೇಳಿ. ದನಿ ಸ್ಕ್ರೀನಿನಲ್ಲಿದ್ದರೂ ಅದರ ವಿಳಾಸ ಅಚ್ಚಿನಲ್ಲಿದೆ.

9. ಯೂಟ್ಯೂಬ್‌ನಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ

ಅಪ್‌ಲೋಡ್ ಮಾಡಿದವರು ಬರೆದ ರಾಗ, ವರ್ಷ, ಪಕ್ಕವಾದ್ಯದವರ ಹೆಸರು ಸರಿಯಿರಲೇಬೇಕೆಂದಿಲ್ಲ. ಪ್ರಸಾರ ಭಾರತಿ ಆರ್ಕೈವ್ಸ್‌ನಂಥ ಸಂಸ್ಥೆಯ ಚಾನೆಲ್‌ಗಳನ್ನು ಮೊದಲು ನೋಡಿ. ಲೈಬ್ರರಿಯಲ್ಲಿರುವ ಸಿಡಿಯ ಒಳಹಾಳೆ ಓದಿ. ಇಂಥ ವಿವರ ಅಲ್ಲಿ ಸಿಗುತ್ತದೆ. ಪುಸ್ತಕ ಮತ್ತು ಧ್ವನಿ ಒಟ್ಟಿಗೆ ಬರುವ ಆಕರಕ್ಕೆ ಆದ್ಯತೆ ಕೊಡಿ. 1999ರ ‘ದ ರಾಗ ಗೈಡ್’ 74 ಹಿಂದುಸ್ತಾನಿ ರಾಗಗಳನ್ನು ನಾಲ್ಕು ಸಿಡಿಗಳ ಜೊತೆ ಕೊಡುತ್ತದೆ. ಪುಟ ತೆರೆದಿಟ್ಟುಕೊಂಡೇ ಕೇಳಿ.

10. ನಿಮಗಾಗಿ ಕಟ್ಟಿರುವ ಚಂದಾ ಹಣ ವಸೂಲಿ ಮಾಡಿ

‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿ 1ರಂದು ಶುರುವಾಗಿದೆ. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿವೆ. ‘ಅದೆಲ್ಲ ಸೈನ್ಸ್‌ನವರಿಗೆ’ ಎಂದುಕೊಳ್ಳುವುದು ಸಂಗೀತ ವಿಭಾಗದಲ್ಲಿ ಬೇರೂರಿರುವ ಅಭ್ಯಾಸ. ಕಿತ್ತುಹಾಕಿ. ಟೇಲರ್ ಆ್ಯಂಡ್ ಫ್ರಾನ್ಸಿಸ್, ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಪ್ರಕಾಶನಗಳು ಆ ಪಟ್ಟಿಯಲ್ಲಿವೆ, ಅವು ಸಂಗೀತದ ಜರ್ನಲ್‌ಗಳನ್ನೂ ಹೊರತರುತ್ತವೆ.

ಇವತ್ತೇ ಲೈಬ್ರರಿ ಕೌಂಟರಿಗೆ ಹೋಗಿ. ಮನೆಯಿಂದಲೂ ಓದುವುದಕ್ಕೆ ‘ಇನ್‌ಫೆಡ್’ ಲಾಗಿನ್ ಮಾಡಿಕೊಡಿ ಎಂದು ಕೇಳಿ. ಜೆಸ್ಟೋರ್‌ನಲ್ಲಿ ಸ್ವಂತ ಹೆಸರಿನ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು. ‘ಏಷ್ಯನ್ ಮ್ಯೂಸಿಕ್’, ‘ಎಥ್ನೊಮ್ಯೂಸಿಕಾಲಜಿ’ ಜರ್ನಲ್‌ಗಳ ಹಳೆಯ ಸಂಚಿಕೆಗಳು ಅಲ್ಲಿವೆ. ಮದ್ರಾಸ್ ಮ್ಯೂಸಿಕ್ ಅಕಾಡೆಮಿ 1930ರಲ್ಲಿ ಶುರು ಮಾಡಿದ ಜರ್ನಲ್‌ನ ಹಳೆಯ ಸಂಪುಟಗಳು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ರಾಗಲಕ್ಷಣದ ಮೇಲೆ ವಿದ್ವಾಂಸರು ಎದುರುಬದುರು ಕೂತು ಮಾಡಿದ ಚರ್ಚೆಗಳು ಅವುಗಳಲ್ಲಿ ದಾಖಲಾಗಿವೆ. ಸಿಲೆಬಸ್ಸಿನ ಒಂದು ರಾಗ ಹಿಡಿದು ಆ ಚರ್ಚೆ ಓದಿ. ನಿಮ್ಮ ಆಲಾಪನೆಯ ಯೋಚನೆಯೇ ಬದಲಾಗುತ್ತದೆ.

11. ಶೋಧಗಂಗಾವನ್ನು ಕೊನೆಯ ಪುಟದಿಂದ ಓದಿ

ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ನಿಮ್ಮ ವಿಷಯಕ್ಕೆ ಹತ್ತಿರದ ಮೂರು ಪ್ರಬಂಧ ಇಳಿಸಿಕೊಳ್ಳಿ. ಮೊದಲು ಗ್ರಂಥಋಣ ಓದಿ. ಇನ್ನೊಬ್ಬರು ವರ್ಷಗಟ್ಟಲೆ ಕಲೆಹಾಕಿದ ಪಟ್ಟಿ ಒಂದೇ ಸಲಕ್ಕೆ ಸಿಗುತ್ತದೆ. ಆಮೇಲೆ ಕೊನೆಯ ಅಧ್ಯಾಯ ಓದಿ. ‘ಮುಂದೆ ಮಾಡಬೇಕಾದ ಕೆಲಸ’ ಎಂದು ಅವರು ಬಿಟ್ಟ ಜಾಗದಲ್ಲಿ ನಿಮ್ಮ ವಿಷಯ ಇರಬಹುದು.

ವಾಕ್ಯಗಳನ್ನು ಮಾತ್ರ ಎತ್ತಬೇಡಿ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದಕ್ಕಿಂತ ಮೇಲೆ ಶೇ 40ರವರೆಗೆ ಇದ್ದರೆ ಪ್ರಬಂಧ ತಿದ್ದಿ ಮತ್ತೆ ಕೊಡಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ಓದಿದ ದಿನವೇ ಝೊಟೆರೊದಲ್ಲಿ ಲೇಖಕರ ಹೆಸರು, ವರ್ಷ, ಪುಟ ದಾಖಲಿಸಿ. ಅದು ಉಚಿತ ಸಾಫ್ಟ್‌ವೇರ್. ಉಲ್ಲೇಖ ಹುಡುಕುವ ಕೊನೆಯ ವಾರದ ಒದ್ದಾಟ ನಿಮಗೆ ಬರುವುದಿಲ್ಲ.

12. ಗೈಡ್ ಮುಚ್ಚಿ, ಮೂಲ ತೆರೆಯಿರಿ

ನೆಟ್ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಗ್ರಂಥ, ಗ್ರಂಥಕಾರ, ಕಾಲ ಹೊಂದಿಸುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವವರು ಗೈಡಿನ ಪಟ್ಟಿ ಉರು ಹೊಡೆದವರು. ಪುಸ್ತಕವನ್ನೇ ಕೈಯಲ್ಲಿ ಹಿಡಿದವರಿಗೆ ಅದು ಮರೆಯುವುದಿಲ್ಲ. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ಕ್ಕೆ ಏಳು ಅಧ್ಯಾಯ: ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ, ನೃತ್ಯ. ಅಡ್ಯಾರ್ ಲೈಬ್ರರಿಯ ನಾಲ್ಕು ಸಂಪುಟಗಳ ಆವೃತ್ತಿಯಲ್ಲಿ ಮೂಲದ ಜೊತೆ ವ್ಯಾಖ್ಯಾನವೂ ಇದೆ. ಸಂಸ್ಕೃತ ಬರದಿದ್ದರೆ ಶೃಂಗಿ ಮತ್ತು ಪ್ರೇಮಲತಾ ಶರ್ಮಾ ಅವರ ಇಂಗ್ಲಿಷ್ ಅನುವಾದ ಪಕ್ಕದಲ್ಲಿಡಿ.

ನಮ್ಮ ನೆಲದ ನಂಟು ಕಂಡಲ್ಲೆಲ್ಲ ಗುರುತು ಹಾಕಿ. ರತ್ನಾಕರಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ ರಾಮಾಮಾತ್ಯನೂ ಅಲ್ಲಿಯವನೇ. ‘ಮಾನಸೋಲ್ಲಾಸ’ದ ಕರ್ತೃ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಶಿವಗಂಗೆಯ ಬಳಿಯ ಸಾತನೂರಿನಿಂದ ಉತ್ತರಕ್ಕೆ ಹೋದ ಪುಂಡರೀಕ ವಿಠ್ಠಲನ ‘ನರ್ತನನಿರ್ಣಯ’ವನ್ನು ಸಂಪಾದಿಸಿದವರು ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ. ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕಾ’ವನ್ನೂ ಅವರು ಸಂಪಾದಿಸಿದ್ದಾರೆ. ಇವೆರಡೂ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಪ್ರಕಟಣೆಗಳು. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ಖರೀದಿಗೆ ಶಿಫಾರಸು ಪತ್ರ ಕೊಡಿ. ಕೇಳಿದವರ ಪುಸ್ತಕ ಬರುತ್ತದೆ.

13. ಕನ್ನಡದ ಆಕರವನ್ನು ಎರಡನೇ ದರ್ಜೆ ಎಂದುಕೊಳ್ಳಬೇಡಿ

ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಓದದೆ ಧಾರವಾಡ-ಹುಬ್ಬಳ್ಳಿಯ ಸಂಗೀತದ ಬಗ್ಗೆ ಸೆಮಿನಾರ್ ಕೊಡಬೇಡಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಅಚ್ಚಿನಲ್ಲೂ ಇದೆ, ವಿಕಿಸೋರ್ಸ್‌ನಲ್ಲೂ ಇದೆ. ವಚನ ಗಾಯನ ನಿಮ್ಮ ವಿಷಯವಾದರೆ ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಿಡಿದು ಹುಡುಕಿ. ‘ನಾದ’, ‘ವೀಣೆ’, ‘ತಾಳ’ ಯಾವ ವಚನಕಾರರಲ್ಲಿ ಬರುತ್ತವೆ ಎಂದು ನೋಡಲು ಮುದ್ರಿತ ಸಂಪುಟದಲ್ಲಿ ದಿನಗಟ್ಟಲೆ ಹಿಡಿಯುವ ಕೆಲಸ ಅಲ್ಲಿ ನಿಮಿಷದ್ದು. ಸಿಕ್ಕಿದ್ದನ್ನು ಮುದ್ರಿತ ಸಂಪುಟದಲ್ಲಿ ತಾಳೆ ನೋಡಿ, ಪುಟಸಂಖ್ಯೆ ಬರೆದುಕೊಳ್ಳಿ.

14. ಗಮಕವನ್ನು ಕಣ್ಣಿಂದಲೂ ನೋಡಿ

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಮಾಡಿದ ‘ಸೋನಿಕ್ ವಿಶುವಲೈಸರ್’ ಉಚಿತವಾಗಿ ಸಿಗುತ್ತದೆ. ಧ್ವನಿಮುದ್ರಣ ಹಾಕಿದರೆ ಸ್ವರ ಏರಿಳಿಯುವ ಗೆರೆಯನ್ನು ಪರದೆಯ ಮೇಲೆ ಎಳೆದು ತೋರಿಸುತ್ತದೆ. ತೋಡಿಯ ಗಾಂಧಾರವನ್ನು ಇಬ್ಬರು ವಿದ್ವಾಂಸರ ದನಿಯಲ್ಲಿ ನೋಡಿ, ಆಮೇಲೆ ನಿಮ್ಮ ದನಿಯಲ್ಲಿ ನೋಡಿ. ಪುಸ್ತಕದಲ್ಲಿ ‘ಗ’ ಎಂದು ಒಂದೇ ಅಕ್ಷರ ಇರುವಲ್ಲಿ ಗಂಟಲು ಎಷ್ಟು ಕೆಲಸ ಮಾಡುತ್ತದೆ ಎಂದು ಗೊತ್ತಾಗುತ್ತದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ‘ದುನಿಯಾ’ ಸಂಗ್ರಹದಲ್ಲಿ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತವನ್ನು ಹೀಗೇ ವಿಶ್ಲೇಷಿಸಿ ಇಟ್ಟಿದ್ದಾರೆ. ಅಂಥ ಒಂದು ಚಿತ್ರ ನಿಮ್ಮ ಡಿಸರ್ಟೇಷನ್‌ನಲ್ಲಿ ಇರಲಿ, ಪಕ್ಕದಲ್ಲಿ ಅದೇ ಸಾಲಿನ ಮುದ್ರಿತ ಸ್ವರಲಿಪಿ ಇರಲಿ.

ಕೀಬೋರ್ಡ್, ಪಾಶ್ಚಾತ್ಯ ವಯೊಲಿನ್ ಕಲಿಯುತ್ತಿದ್ದರೆ 2006ರಿಂದ ಇರುವ ‘ಐಎಂಎಸ್‌ಎಲ್‌ಪಿ’ಯಲ್ಲಿ ಕಾಪಿರೈಟ್ ಮುಗಿದ ಸ್ಕೋರ್‌ಗಳನ್ನು ಇಳಿಸಿಕೊಳ್ಳಿ. ಪಾಶ್ಚಾತ್ಯ ಸಂಗೀತ ನಮಗೆ ದೂರದ್ದು ಎಂಬ ಅಳುಕು ಬೇಡ. ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಅರ್ಪಿಸಿದ್ದು ಮೈಸೂರಿನ ಜಯಚಾಮರಾಜ ಒಡೆಯರಿಗೆ.

15. ಲೈಬ್ರರಿಯನ್ ಜೊತೆ ಮಾತಾಡಿ

‘ಸಂಗೀತದ ಪುಸ್ತಕ ಬೇಕು’ ಎನ್ನಬೇಡಿ. ‘ಮೈಸೂರು ಬಾನಿಯ ವೀಣೆ ಬಗ್ಗೆ, ಸ್ವಾತಂತ್ರ್ಯಕ್ಕೆ ಮೊದಲು ಅಚ್ಚಾಗಿದ್ದು ಬೇಕು’ ಎನ್ನಿ. ಖಚಿತವಾಗಿ ಕೇಳಿದರೆ ಸ್ಟ್ಯಾಕ್ ರೂಮಿನ ಬಾಗಿಲೂ ತೆರೆಯುತ್ತದೆ. ಓದುಗರ ಸಮಯ ಉಳಿಸಬೇಕು ಎಂಬುದನ್ನು ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ನಿಯಮವಾಗಿ ಬರೆದಿದ್ದಾರೆ, ಆದ್ದರಿಂದ ಸಹಾಯ ಕೇಳಲು ಸಂಕೋಚ ಬೇಡ. ಬೇರೆ ಊರಿನ ಪುಸ್ತಕವನ್ನು ಲೈಬ್ರರಿಯಿಂದ ಲೈಬ್ರರಿಗೆ ತರಿಸುವ ಸೌಲಭ್ಯ ಇದೆಯೇ ಎಂದೂ ವಿಚಾರಿಸಿ. ಹಸ್ತಪ್ರತಿಯೇ ಬೇಕಾದರೆ 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಹೋಗಿ.

ಕಾಪಿರೈಟ್ ಲೆಕ್ಕವೂ ತಿಳಿದಿರಲಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2022ರಿಂದ ಎಲ್ಲರಿಗೂ ಮುಕ್ತ.

16. ನೀವೇ ಒಂದು ಆಕರ ಸೃಷ್ಟಿಸಿ

ನಿಮ್ಮ ಗುರುಗಳ ಹತ್ತಿರ ಪುಸ್ತಕದಲ್ಲಿ ಇಲ್ಲದ ಕೃತಿ, ಬೇರೆ ಕಡೆ ಕೇಳದ ಸಂಗತಿ, ಅವರ ಗುರುಗಳ ಕಾಲದ ಒಂದು ಬಂದಿಶ್ ಖಂಡಿತ ಇರುತ್ತದೆ. ಅನುಮತಿ ಕೇಳಿ ರೆಕಾರ್ಡ್ ಮಾಡಿ. ಫೋನಿನ ಎಂಪಿ3 ಸಾಲದು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘ ಸೂಚಿಸುವ ಕನಿಷ್ಠ ಮಟ್ಟ 48 ಕಿಲೊಹರ್ಟ್ಸ್, 24 ಬಿಟ್. ವಿಭಾಗದ ರೆಕಾರ್ಡರ್ ಕೇಳಿ ಪಡೆಯಿರಿ, ವೇವ್ ಫೈಲ್ ಆಗಿ ಉಳಿಸಿ. ಹಾಡಿಗೆ ಮೊದಲು ದಿನಾಂಕ, ಊರು, ಹಾಡುವವರ ಹೆಸರು, ರಾಗ, ತಾಳ, ಶ್ರುತಿ, ಯಾರಿಂದ ಕಲಿತದ್ದು ಎಂದು ಅವರ ಬಾಯಲ್ಲೇ ಹೇಳಿಸಿ. ಅದೇ ವಿವರ ಒಂದು ಹಾಳೆಯಲ್ಲಿ ಬರೆಯಿರಿ, ಸ್ವರಲಿಪಿ ಹಾಕಿ, ಗುರುಗಳಿಗೆ ತೋರಿಸಿ ತಿದ್ದಿಸಿಕೊಳ್ಳಿ, ಅವರ ಸಹಿಯಿರುವ ಒಪ್ಪಿಗೆ ಪತ್ರ ಜೊತೆಗಿಡಿ. ಒಂದು ಪ್ರತಿ ಗುರುಗಳಿಗೆ, ಒಂದು ನಿಮಗೆ. ಮೂರನೆಯದನ್ನು ವಿಭಾಗದ ಲೈಬ್ರರಿಗೆ ಒಪ್ಪಿಸಿ, ಆಕ್ಸೆಷನ್ ನಂಬರ್ ಬರೆಸಿಕೊಂಡು ಬನ್ನಿ.